ನೀರಿಲ್ಲದ ಕೆರೆಯ ಮೇಲೆ

ಕಾಠ್ಮಂಡುವಿನ ಕಾಲಿಮಾಟಿ ತರಕಾರಿ ಮಾರುಕಟ್ಟೆಯಲ್ಲಿ ಅಂದು ಗೆಣಸಿನದೇ ದರಬಾರು. ಮರುದಿನ ಸಂಕ್ರಾಂತಿ. ಇಲ್ಲಿಯವರಿಗೆ ಆ ದಿನ ಎಳ್ಳುಂಡೆ, ತುಪ್ಪ, ‘ಚಾಕು’ ಎನ್ನುವ ಗಟ್ಟಿ ಬೆಲ್ಲದ ಮಿಠಾಯಿ, ಬೇಯಿಸಿದ ಗೆಣಸು ಆಗಲೇಬೇಕು. ನಮ್ಮ ಎಳ್ಳುಬೆಲ್ಲವೇ ಬೆಟ್ಟ ಹತ್ತುವಷ್ಟರಲ್ಲಿ ಚಳಿಗೆ ಗಟ್ಟಿಯಾದಂತಿದೆ. ತೋಳುದ್ದದ ಗಡ್ಡೆಗಳಿಗೆ ಮಣ್ಣು ಮೆತ್ತಿಕೊಂಡೇ ಇತ್ತು. ಆದರೆ ಅದು ಕೆಂಪು ಮಣ್ಣು, ಬೆಟ್ಟದ ಇಳಿಜಾರಿನದು. ಕಾಲಿಮಾಟಿ ಎಂದರೆ ಕರಿಮಣ್ಣು. ಚಿತ್ರದುರ್ಗದ ಸೀಮೆಯಲ್ಲಿ ಎರೆಹೊಲ ನೋಡುತ್ತ ಬೆಳೆದ ನನಗೆ ಆ ಹೆಸರು ಕೇಳಿದ ಕೂಡಲೇ ಕುತೂಹಲ. ಗೆಣಸು ತೂಗುತ್ತಿದ್ದವನನ್ನು ‘ಇಲ್ಲಿ ಕರಿಮಣ್ಣು ಎಲ್ಲಿದೆ ದಾಯಿ?’ ಎಂದು ಹಿಂದಿಯಲ್ಲಿ ಕೇಳಿದೆ. ಅವನು ಕೈಯಲ್ಲಿದ್ದ ತೂಕದ ಕಲ್ಲನ್ನು ಬಿಡದೆ ಗಲ್ಲದಿಂದಲೇ ಕೆಳಗೆ ತೋರಿಸಿದ. ಕೆಳಗೆ ಕಾಂಕ್ರೀಟು, ಅದರ ಮೇಲೆ ನುಜ್ಜಾದ ಕೋಸಿನೆಲೆ.

ನಾನು ಉಳಿದುಕೊಂಡದ್ದು ಆ ಮಾರುಕಟ್ಟೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿರುವ ಐದು ಮಹಡಿಯ ಒಂದು ಮನೆಯಲ್ಲಿ. ಮೂರನೇ ಮಹಡಿಯ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತಾರೆ. ಮನೆಯ ಯಜಮಾನಿಗೆ ಅರವತ್ತು ದಾಟಿರಬೇಕು. ನಾನು ‘ದಿದಿ’ ಎಂದೆ, ಆಕೆ ‘ಭಾಯಿ’ ಎಂದರು. ಲೆಕ್ಕ ಅಲ್ಲಿಗೆ ಸರಿಹೋಯಿತು. ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಚಹಾ ಕೊಡುವಾಗ ಆಕೆ, ‘ಇವತ್ತು ನಬ್ಬೆ ಸಾಲ್‌ನ ದಿನ’ ಎಂದರು. ನಬ್ಬೆ ಎಂದರೆ ತೊಂಬತ್ತು; ನೇಪಾಳದ ಪಂಚಾಂಗದ 1990, ಮಾಘದ ಎರಡನೆಯ ದಿನ. ನಮ್ಮ ಲೆಕ್ಕದಲ್ಲಿ 1934ರ ಜನವರಿ 15. ಹಿಂದಿನ ದಿನದ ಎಳ್ಳುಂಡೆ ಡಬ್ಬಿಯಲ್ಲಿ ಉಳಿದಿದ್ದಾಗಲೇ, ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ನೆಲ ನಡುಗಿತು. ನೇಪಾಳದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ, ಗಡಿಯಾಚೆ ಬಿಹಾರದಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ದಿನವನ್ನು ನೇಪಾಳ ಭೂಕಂಪ ಸುರಕ್ಷಾ ದಿನವಾಗಿ ಆಚರಿಸುತ್ತದೆ. ದಿದಿಯ ಅತ್ತೆ ಆಗ ಏಳು ವರ್ಷದ ಹುಡುಗಿ. ಆಮೇಲೆ ಬದುಕಿದ್ದಷ್ಟು ಕಾಲ ಯಾರ ವಯಸ್ಸು ಹೇಳುವಾಗಲೂ ‘ನಬ್ಬೆಗೆ ಮುಂಚೆ’, ‘ನಬ್ಬೆಯ ಮೇಲೆ’ ಎಂದೇ ಹೇಳುತ್ತಿದ್ದರಂತೆ.

ನಾನು ಇಲ್ಲಿಗೆ ಬಂದದ್ದು ವಿಮಾನದಲ್ಲಲ್ಲ, ಪಟ್ನಾದಿಂದ ಮುಜಫ್ಫರಪುರ, ಮೋತಿಹಾರಿ ಹಾದು ರಕ್ಸೌಲ್ ಗಡಿಯವರೆಗೆ ರೈಲಿನಲ್ಲಿ. ಮಂಜಿನಿಂದಾಗಿ ರೈಲು ಗಂಟೆಗಟ್ಟಲೆ ನಿಂತಿತು. ಕಿಟಕಿಯಾಚೆ ಸಾಸಿವೆ ಹೊಲ, ಕಬ್ಬಿನ ಗದ್ದೆ, ಮತ್ತೆ ಸಾಸಿವೆ. ಒಂದು ಗುಡ್ಡವಿಲ್ಲ, ಒಂದು ಬಂಡೆಯಿಲ್ಲ. ಗಂಗೆ, ಗಂಡಕಿ, ಬಾಗ್ಮತಿ, ಕೋಸಿ ಹೊತ್ತು ತಂದು ಹಾಸಿದ ಮರಳು ಮತ್ತು ಮೆಕ್ಕಲು ಮಾತ್ರ. ನೀರು ಕೈಗೆಟುಕುವಷ್ಟು ಮೇಲೆ ಇದೆ, ಊರೂರಿಗೂ ಕೈಪಂಪು. 1934ರಲ್ಲಿ ಮೋತಿಹಾರಿಯ ಆಸುಪಾಸಿನಿಂದ ಸೀತಾಮಢಿ, ಮಧುಬನಿ ದಾಟಿ ಪೂರ್ನಿಯಾದ ಕಡೆಗೆ ಸುಮಾರು 300 ಕಿಲೋಮೀಟರ್ ಉದ್ದದ ಪಟ್ಟಿಯಲ್ಲಿ ನೆಲವೇ ನೆಲವಾಗಿ ಉಳಿಯಲಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನು ಕುಸಿತದ ಪಟ್ಟಿ ಎಂದೇ ಗುರುತಿಸಿದರು. ಅಲ್ಲಿ ಎಷ್ಟೋ ಮನೆಗಳು ಒಡೆದು ಬೀಳಲಿಲ್ಲ, ಇದ್ದ ಹಾಗೇ ವಾಲಿದವು, ಹೂತವು. ಬಾವಿಗಳು ಮರಳಿನಿಂದ ತುಂಬಿದವು, ಹೊಲಗಳಲ್ಲಿ ಮರಳುನೀರಿನ ಬುಗ್ಗೆ ಎದ್ದಿತು. ಕಬ್ಬು ಅರೆಯುವ ಹಂಗಾಮು ಅದು. ಸಕ್ಕರೆ ಕಾರ್ಖಾನೆಗಳು ಮುರಿದು ಬಿದ್ದವು, ಕಬ್ಬು ಗದ್ದೆಯಲ್ಲೇ ನಿಂತಿತು.

ಅಜ್ಜಿಯರು ಸೇರಿನಲ್ಲಿ ಅಕ್ಕಿ ಅಳೆಯುವಾಗ ಒಮ್ಮೆ ಕುಲುಕುತ್ತಿದ್ದರಲ್ಲ, ಆಗ ಕಾಳು ತಗ್ಗಿ ಇನ್ನೊಂದು ಹಿಡಿಗೆ ಜಾಗವಾಗುತ್ತಿತ್ತು. ಮರಳೂ ಹಾಗೆಯೇ, ಕುಲುಕಿದರೆ ಒತ್ತಾಗಿ ಕೂರಲು ನೋಡುತ್ತದೆ. ಆದರೆ ಕಾಳು ಕಾಳಿನ ನಡುವೆ ನೀರು ತುಂಬಿದ್ದರೆ, ಆ ನೀರಿಗೆ ಅಷ್ಟು ಬೇಗ ಹೊರಗೆ ಹೋಗಲು ದಾರಿಯಿಲ್ಲ. ಮೇಲಿನ ಭಾರವೆಲ್ಲ ನೀರಿನ ಹೆಗಲಿಗೆ ಬೀಳುತ್ತದೆ, ನೆಲ ಅಂಬಲಿಯಾಗುತ್ತದೆ. ಬಿಹಾರದ ಆ ದುರಂತವನ್ನು ಗಾಂಧೀಜಿ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ರವೀಂದ್ರನಾಥ ಠಾಕೂರರು ಅದನ್ನು ಒಪ್ಪದೆ ಬಹಿರಂಗವಾಗಿ ಪ್ರತಿಭಟಿಸಿದರು. ನಿಂತ ರೈಲಿನಲ್ಲಿ ಅದನ್ನು ನೆನೆಯುತ್ತಿದ್ದಾಗ ನನಗೆ ಠಾಕೂರರ ಪಕ್ಷವೇ ಸರಿಯೆನಿಸಿತು. ಪಾಪದ ಲೆಕ್ಕ ಹಿಡಿದವನು ಮರಳು ನೆಲವನ್ನೇ ಹುಡುಕಿಕೊಂಡು ಹೋಗುವುದು ಏಕೆ?

ನಬ್ಬೆ ಸಾಲ್‌ನ ಆ ಬೆಳಿಗ್ಗೆ ದಿದಿಯ ಚಹಾ ಮುಗಿಸಿ ಟ್ಯಾಕ್ಸಿ ಹಿಡಿದು ಚೋಭಾರಿಗೆ ಹೋದೆ. ಕಾಠ್ಮಂಡು ಕಣಿವೆಯ ನೀರೆಲ್ಲ ಬಾಗ್ಮತಿಗೆ ಸೇರಿ, ಬಾಗ್ಮತಿ ಹೊರಬೀಳುವುದು ಇದೇ ಇಕ್ಕಟ್ಟಾದ ಕಲ್ಲಿನ ಸೀಳಿನಲ್ಲಿ. ಸ್ವಯಂಭೂ ಪುರಾಣದ ಪ್ರಕಾರ ಈ ಕಣಿವೆಯೆಲ್ಲ ನಾಗಗಳು ವಾಸಿಸುವ ಸರೋವರ. ಚೀನಾದ ಕಡೆಯಿಂದ ಬಂದ ಮಂಜುಶ್ರೀ ಬೋಧಿಸತ್ವ ಖಡ್ಗದಿಂದ ಇಲ್ಲಿ ಬೆಟ್ಟ ಸೀಳಿ ನೀರು ಹರಿಸಿದ. ಕರ್ಕೋಟಕ ನಾಗನಿಗೆ ಉಳಿಯಲು ಪಕ್ಕದಲ್ಲೇ ತೌದಹ ಎಂಬ ಕೊಳ ಕೊಟ್ಟ. ಅದರಲ್ಲಿ ಈಗ ಚಳಿಗಾಲದ ವಲಸೆ ಬಾತುಗಳು ಈಜುತ್ತಿದ್ದವು. ಸೀಳಿನ ಮೇಲಿನ ಹಳೆಯ ಕಬ್ಬಿಣದ ತೂಗುಸೇತುವೆ ದಾಟಿ ದಿಬ್ಬ ಹತ್ತಿ ತಿರುಗಿ ನೋಡಿದೆ. ಕಣಿವೆಯ ತುಂಬ ಮಂಜು ಕೂತಿತ್ತು. ಬೆಳ್ಳಗೆ, ಸಪಾಟಾಗಿ, ಸುತ್ತಲ ಬೆಟ್ಟಗಳ ಬುಡಕ್ಕೆ ಗೀಟು ಎಳೆದ ಹಾಗೆ. ಸ್ವಯಂಭೂ ಗುಡ್ಡ, ಕೀರ್ತಿಪುರದ ದಿನ್ನೆ ಮಾತ್ರ ನಡುಗಡ್ಡೆಗಳಂತೆ ಮೇಲೆ ತೇಲುತ್ತಿದ್ದವು. ಪುರಾಣಿಕನಿಗೆ ಕಥೆ ಹೊಳೆದದ್ದು ಇಂಥದೇ ಬೆಳಗಿನಲ್ಲಿ ಇರಬೇಕು ಎಂದುಕೊಂಡೆ.

ಭೂವಿಜ್ಞಾನಿಗಳು ಖಡ್ಗವನ್ನು ಒಪ್ಪುವುದಿಲ್ಲ, ಸರೋವರವನ್ನು ಒಪ್ಪುತ್ತಾರೆ. ಲಕ್ಷಾಂತರ ವರ್ಷ ಇಲ್ಲಿ ನೀರು ನಿಂತಿತ್ತು. ಸುತ್ತಲ ಬೆಟ್ಟಗಳಿಂದ ಮರಳು, ಜೇಡಿ ಬಂದು ಪದರ ಪದರವಾಗಿ ಕೂತವು. ಕೊಳೆತ ಎಲೆ, ಪಾಚಿ ಸೇರಿ ಜೇಡಿ ಕಪ್ಪಾಯಿತು. ಭೂವಿಜ್ಞಾನದ ಪ್ರಬಂಧಗಳಲ್ಲೂ ಆ ಪದರದ ಹೆಸರು ಕಾಲಿಮಾಟಿ ಎಂದೇ ಇದೆ. ಹೊಲ ಉಳುವವರ ಮಾತು ಹಾಗೆ ಶಾಸ್ತ್ರಕ್ಕೆ ಹತ್ತಿದ್ದು ನನಗೆ ಖುಷಿ ಕೊಟ್ಟಿತು. ನಮ್ಮ ಎರೆಗೂ ಇದಕ್ಕೂ ಬಣ್ಣದ ನಂಟು ಮಾತ್ರ. ಎರೆ ಕಲ್ಲು ಕೊಳೆತು ಆದದ್ದು, ಇದು ಕೆರೆಯ ಹೂಳು. ಕಣಿವೆಯ ನಡುವೆ ಬಂಡೆ ಸಿಗಬೇಕಾದರೆ ಕೆಲವೆಡೆ 500 ಮೀಟರಿಗೂ ಆಳಕ್ಕೆ ಹೋಗಬೇಕು. ಸ್ವಯಂಭೂ, ಕೀರ್ತಿಪುರ, ಚೋಭಾರಿನಂಥ ಕಡೆ ಅದೇ ಬಂಡೆ ತಲೆಯೆತ್ತಿ ಹೊರಗೆ ಬಂದಿದೆ. ಪಶುಪತಿನಾಥನ ಗುಡಿಯ ಬಳಿಯೂ ಬಂಡೆ ಕಾಣುತ್ತದೆ. ಕರ್ನಾಟಕದ ಕರಾವಳಿಯಿಂದ ಹೋದ ಭಟ್ಟರು ಗರ್ಭಗುಡಿಯಲ್ಲಿ ಪೂಜೆ ಮಾಡುವ ಆ ದೇವಸ್ಥಾನ 2015ರ ಭೂಕಂಪದಲ್ಲಿ ಹೆಚ್ಚು ಕೆಡದೆ ನಿಂತಿತು. ಹಾಗೆಂದು ಬಂಡೆಯ ಮೇಲಿದ್ದರೆ ಭಯವಿಲ್ಲ ಎನ್ನುವಂತಿಲ್ಲ. ಸ್ವಯಂಭೂ ಗುಡ್ಡದ ಮೇಲೆ ಒಂದು ಶಿಖರದ ಗುಡಿ ಉರುಳಿತು.

ಹೂಳಿನ ಮೇಲೆ ನಡುಕ ಹೆಚ್ಚುತ್ತದೆ ಎನ್ನುತ್ತಾರಲ್ಲ, ಅದು ಹೇಗೆ? ನನ್ನ ಅಮ್ಮ ಹಾಲುಬಾಯಿ ಮಾಡಿ ತಟ್ಟೆಗೆ ಹುಯ್ದು ಆರಲು ಇಡುತ್ತಿದ್ದಳು. ನಾವು ತಟ್ಟೆಯ ಅಂಚಿಗೆ ಬೆರಳಿನಿಂದ ಟಣ್ ಎನ್ನಿಸುತ್ತಿದ್ದೆವು. ತಟ್ಟೆ ಅಲುಗಿದ್ದು ಕಣ್ಣಿಗೇ ಕಾಣುತ್ತಿರಲಿಲ್ಲ, ಹಾಲುಬಾಯಿ ಮಾತ್ರ ತುಳುಕಿ ತುಳುಕಿ ಸುಮ್ಮನಾಗಲು ಹೊತ್ತು ಬೇಕಾಗುತ್ತಿತ್ತು. ಬಂಡೆಯಲ್ಲಿ ಸೆಕೆಂಡಿಗೆ ಕಿಲೋಮೀಟರುಗಟ್ಟಲೆ ಓಡಿ ಬಂದ ಅಲೆ ಮೆದು ಜೇಡಿಗೆ ಕಾಲಿಟ್ಟಾಗ ಅದರ ವೇಗ ನೂರು ಇನ್ನೂರು ಮೀಟರಿಗೆ ಇಳಿಯುತ್ತದೆ. ಹೊತ್ತು ತಂದ ಶಕ್ತಿ ಎಲ್ಲಿಗೂ ಹೋಗಿಲ್ಲ. ಓಟದಲ್ಲಿ ಕಳೆದುಕೊಂಡದ್ದನ್ನು ಅಲೆ ಎತ್ತರದಲ್ಲಿ ತೀರಿಸಿಕೊಳ್ಳುತ್ತದೆ. ಮೇಲಕ್ಕೆ ಹೋದದ್ದು ನೆಲಮಟ್ಟ ಮುಟ್ಟಿ ಹಿಂತಿರುಗುತ್ತದೆ, ಕೆಳಗಿನ ಬಂಡೆಗೆ ತಾಗಿ ಮತ್ತೆ ಮೇಲೇಳುತ್ತದೆ. ಕಣಿವೆಯ ಬಾಣಲೆಯಲ್ಲಿ ಅಲೆ ಸಿಕ್ಕಿಬೀಳುತ್ತದೆ.

ಆ ತುಳುಕಿಗೂ ಒಂದು ಲಯವಿದೆ. ಹೂಳಿನ ಆಳವನ್ನು ನಾಲ್ಕರಿಂದ ಗುಣಿಸಿ ಅಲೆಯ ವೇಗದಿಂದ ಭಾಗಿಸಿದರೆ ಒಂದು ತೂಗಿಗೆ ಎಷ್ಟು ಸೆಕೆಂಡು ಎಂಬುದು ಸಿಗುತ್ತದೆ. ಮೂವತ್ತು ಮೀಟರ್ ಹೂಳಿದ್ದು ಅದರಲ್ಲಿ ಅಲೆ 120 ಮೀಟರ್ ವೇಗದಲ್ಲಿ ಹೋದರೆ ಒಂದು ಸೆಕೆಂಡು. ಐನೂರು ಮೀಟರ್ ಆಳವಿದ್ದು, ಆಳಕ್ಕಿಳಿದಂತೆ ಮಣ್ಣು ಬಿಗಿಯಾಗಿ ಸರಾಸರಿ ವೇಗ 400 ಆದರೆ ಐದು ಸೆಕೆಂಡು. ಕಟ್ಟಡಕ್ಕೂ ಅದರದೇ ಲಯ. ಗಿಡ್ಡ ಹಗ್ಗದ ತೊಟ್ಟಿಲು ಸರಸರ ತೂಗುತ್ತದೆ, ತೊಲೆಯಿಂದ ಉದ್ದಕ್ಕೆ ಇಳಿಬಿಟ್ಟದ್ದು ನಿಧಾನ. ಎಂಜಿನಿಯರುಗಳ ಬಾಯಿಲೆಕ್ಕದಲ್ಲಿ ಒಂದು ಮಹಡಿಗೆ ಸೆಕೆಂಡಿನ ಹತ್ತನೆಯ ಒಂದು ಪಾಲು. ಎರಡು ಮಹಡಿಯ ಮನೆ ಕಾಲು ಸೆಕೆಂಡಿನೊಳಗೆ ಒಮ್ಮೆ ತೂಗಿ ಬರುತ್ತದೆ, ಹದಿನೈದು ಮಹಡಿಗೆ ಒಂದೂವರೆ ಸೆಕೆಂಡು ಬೇಕು. ನೆಲ ತೂಗುವ ಕೈ, ಮನೆ ತೊಟ್ಟಿಲು. ಕೈಯ ಲಯ ತೊಟ್ಟಿಲಿನ ಲಯಕ್ಕೆ ಕೂಡಿಬಂದರೆ ಸಣ್ಣ ನೂಕೂ ದೊಡ್ಡದಾಗುತ್ತ ಹೋಗುತ್ತದೆ.

2015ರ ಏಪ್ರಿಲ್ 25, ಶನಿವಾರ, ಬೆಳಿಗ್ಗೆ 11 ಗಂಟೆ 56 ನಿಮಿಷ. ಕಾಠ್ಮಂಡುವಿನಿಂದ ವಾಯವ್ಯಕ್ಕೆ ಸುಮಾರು 80 ಕಿಲೋಮೀಟರ್ ದೂರದ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಬಳಿ ಬಂಡೆ ಜಾರಿತು. ಬಿರುಕು ಪೂರ್ವಕ್ಕೆ ಓಡುತ್ತ ಕಾಠ್ಮಂಡುವಿನ ಉತ್ತರಕ್ಕೇ ಹಾದುಹೋಯಿತು. ತೀವ್ರತೆ 7.8. ಇಡೀ ಕಣಿವೆ ಸುಮಾರು ಒಂದು ಮೀಟರ್ ಮೇಲೆದ್ದು, ಒಂದೂವರೆ ಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಸರಿಯಿತು. ನೇಪಾಳದಲ್ಲಿ ಶನಿವಾರ ವಾರದ ರಜೆ. ಶಾಲೆಗಳು ಖಾಲಿಯಿದ್ದವು, ಸಾವಿರಾರು ತರಗತಿ ಕೋಣೆಗಳು ಮಕ್ಕಳಿಲ್ಲದೆ ಉರುಳಿದವು.

ದಿದಿ ಆಗ ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದರು. ‘ಮನೆ ಪಿಂಗ್ ಆಡಿತು ಭಾಯಿ’ ಎಂದರು. ಪಿಂಗ್ ಎಂದರೆ ದಸರಾ ಹೊತ್ತಿಗೆ ಬಿದಿರು ನೆಟ್ಟು ಕಟ್ಟುವ ಉಯ್ಯಾಲೆ. ‘ಗಡಗಡ ನಡುಗಲಿಲ್ಲ. ಹೋಯಿತು... ಬಂತು... ಹೋಯಿತು... ಬಂತು. ಹೊಟ್ಟೆ ತೊಳಸಿತು. ಟ್ಯಾಂಕಿನ ನೀರು ತುಳುಕಿ ನನ್ನ ಮೇಲೆ ಬಿತ್ತು.’ ಕೈಯನ್ನು ಗಾಳಿಯಲ್ಲಿ ಅತ್ತಿತ್ತ ಆಡಿಸಿ ತೋರಿಸಿದರು. ಹೋಗಿ ಬರಲು ಆ ಕೈ ತೆಗೆದುಕೊಂಡ ಹೊತ್ತನ್ನು ನಾನು ಮನಸ್ಸಿನಲ್ಲೇ ಎಣಿಸಿದೆ. ನಾಲ್ಕು, ನಾಲ್ಕೂವರೆ ಸೆಕೆಂಡು. ಯಂತ್ರಗಳು ಬರೆದದ್ದೂ ಅದೇ: ಕಣಿವೆ ನಾಲ್ಕೈದು ಸೆಕೆಂಡಿಗೊಮ್ಮೆ ತೂಗಿತ್ತು.

ದಿಬ್ಬದ ಕೀರ್ತಿಪುರದ ಬುಡದಲ್ಲಿ ತ್ರಿಭುವನ ವಿಶ್ವವಿದ್ಯಾಲಯ ಇದೆ. ಆ ವಿಶ್ವವಿದ್ಯಾಲಯ ಮತ್ತು ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದವರು ಸೇರಿ 2011ರಲ್ಲೇ ಕಣಿವೆಯಲ್ಲಿ ನಾಲ್ಕು ಕಡೆ ಕಂಪನಮಾಪಕಗಳನ್ನು ಇಟ್ಟಿದ್ದರು. ಒಂದು ಕೀರ್ತಿಪುರದ ಬಂಡೆಯ ಮೇಲೆ, ಉಳಿದವು ಹೂಳಿನ ಮೇಲೆ. ಎಲ್ಲರ ನಿರೀಕ್ಷೆ ಏನಿದ್ದೀತು? ಬಂಡೆಯಲ್ಲಿ ಕಡಿಮೆ, ಹೂಳಿನಲ್ಲಿ ಹೆಚ್ಚು. ಆದದ್ದು ಬೇರೆ. ಬಂಡೆಯ ಮೇಲಿನ ಯಂತ್ರ ಗುರುತ್ವದ ಸುಮಾರು ಕಾಲು ಭಾಗದಷ್ಟು ಚುರುಕಾದ ಎಳೆತ ತೋರಿಸಿತು; ಪಾಟನ್, ಥಿಮಿಯ ಹೂಳಿನ ಮೇಲೆ ಅದು ಅದಕ್ಕಿಂತ ಕಡಿಮೆ. ಆದರೆ ಬಂಡೆ ಬೇಗ ನಡುಗಿ ಬೇಗ ಸುಮ್ಮನಾಯಿತು, ಹೂಳು ದೊಡ್ಡದಾಗಿ, ನಿಧಾನವಾಗಿ, ಬಹಳ ಹೊತ್ತು ತೂಗಿತು. ಹೂಳು ಎಲ್ಲವನ್ನೂ ಹಿಗ್ಗಿಸುವುದಿಲ್ಲ. ತನ್ನ ಲಯಕ್ಕೆ ಹೊಂದುವ ನಡುಕವನ್ನು ಹಿಗ್ಗಿಸುತ್ತದೆ. ಚುರುಕು ನಡುಕ ಜೋರಾದಾಗ ಮೆದು ಜೇಡಿ ಒಳಗೊಳಗೇ ಜಾರಿ ಅದನ್ನು ನುಂಗಿಬಿಡುತ್ತದೆ. ಆ ಸಲ ಬಿರುಕು ಬಿಚ್ಚಿಕೊಂಡ ರೀತಿಯೂ ನಯವಾಗಿತ್ತು, ಚುರುಕು ನಡುಕವೇ ಕಡಿಮೆ ಹೊರಟಿತ್ತು.

ಕಾಠ್ಮಂಡುವಿನ ಬಹುಪಾಲು ಮನೆಗಳು ಮೂರರಿಂದ ಐದು ಮಹಡಿಯವು. ಅವುಗಳ ಲಯ ಅರ್ಧ ಸೆಕೆಂಡು ಅಥವಾ ಅದಕ್ಕೂ ಕಡಿಮೆ. ನೆಲವೋ ಐದು ಸೆಕೆಂಡಿನ ನಿಧಾನದಲ್ಲಿತ್ತು. ತೊಟ್ಟಿಲು, ಕೈ ಕೂಡಿಬರಲಿಲ್ಲ. ಬಹಳಷ್ಟು ಮನೆಗಳು ಹಡಗಿನ ಮೇಲಿನ ಪೆಟ್ಟಿಗೆಗಳಂತೆ ಇಡಿಯಾಗಿ ಹೋಗಿ ಬಂದವು. ಗೋಡೆ ಬಿರಿದು ಒಳಗಿದ್ದವರು ಕಂಗೆಟ್ಟದ್ದು ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ. ದೇಶದಲ್ಲಿ ಸತ್ತವರು ಒಂಬತ್ತು ಸಾವಿರದ ಹತ್ತಿರ. ಅವರಲ್ಲಿ ದೊಡ್ಡ ಪಾಲು ಸಿಂಧುಪಾಲ್ಚೋಕ್, ನುವಾಕೋಟದಂಥ ಬೆಟ್ಟದ ಜಿಲ್ಲೆಗಳ ಕಲ್ಲುಮಣ್ಣಿನ ಮನೆಗಳವರು. ಕಣಿವೆಯಲ್ಲೂ ಸಾಂಖು, ಬುಂಗಮತಿ, ಭಕ್ತಪುರಗಳ ಹಳೆಯ ಇಟ್ಟಿಗೆಯ ಮನೆಗಳು ಮಣ್ಣಿನ ಗಾರೆಯ ತಪ್ಪಿಗೆ ಬಿದ್ದವು.

ಇಷ್ಟು ಕೇಳಿ ಕೆರೆ ದಯೆ ತೋರಿಸಿತು ಎಂದುಕೊಳ್ಳುವಷ್ಟರಲ್ಲಿ ಗೊಂಗಬು ಎದುರಾಗುತ್ತದೆ. ಹೊಸ ಬಸ್‌ಪಾರ್ಕಿನ ಬಳಿಯ ಈ ಬಡಾವಣೆಯಲ್ಲಿ ಅತಿಥಿಗೃಹಗಳು ಒತ್ತೊತ್ತಾಗಿ ನಿಂತಿವೆ. ಹತ್ತಿರದಲ್ಲೇ ವಿಷ್ಣುಮತಿ ಕಪ್ಪಗೆ ಹರಿಯುತ್ತದೆ. 2015ರಲ್ಲಿ ಇಲ್ಲಿ ಕಾಂಕ್ರೀಟಿನ ಕಟ್ಟಡಗಳು ಸಾಲಾಗಿ ಮಂಡಿಯೂರಿದವು. ಆಳದ ಹೂಳಿನ ಐದು ಸೆಕೆಂಡಿನ ಲಯಕ್ಕೆ ಇವು ಬೀಳಬೇಕಾಗಿರಲಿಲ್ಲ. ಹೊಳೆಯ ದಂಡೆಯಲ್ಲಿ ದೊಡ್ಡ ಕೆರೆಯ ಹೂಳಿನ ಮೇಲೆ ಹೊಳೆ ಹಾಸಿದ ಇನ್ನೊಂದು ತೆಳು, ಮೆದು ಪದರವಿರುತ್ತದೆ. ಅದು ಗಿಡ್ಡ ಹಗ್ಗದ ತೊಟ್ಟಿಲುಗಳನ್ನು ತೂಗುವ ಕೈ. ಅದರ ಜೊತೆಗೆ ತೆಳ್ಳನೆಯ ಕಂಬ, ಅಂಗಡಿಗಾಗಿ ಗೋಡೆಯಿಲ್ಲದೆ ಬಿಟ್ಟ ನೆಲಮಹಡಿ. ಇಂಥ ಕಡೆಗಳಿಗಾಗಿಯೇ ಎಂಜಿನಿಯರುಗಳು ಮೇಲಿನ ಮೂವತ್ತು ಮೀಟರ್ ಮಣ್ಣನ್ನು ಅಷ್ಟು ಪಟ್ಟು ಹಿಡಿದು ಕೇಳುವುದು. ಒಂದೇ ಊರಿನಲ್ಲಿ ಒಂದು ಕಿಲೋಮೀಟರ್ ಅಂತರಕ್ಕೆ ನೆಲದ ತಾಳ ಬದಲಾಗುತ್ತದೆ.

ತಾಳ ಕೂಡಿಬಂದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತು ನೆನೆಯುವುದು ಮೆಕ್ಸಿಕೊ ನಗರವನ್ನು. ಅದೂ ಒಣಗಿದ ಕೆರೆಯ ಮೇಲಿನ ಊರು. ಟೆಸ್ಕೋಕೊ ಸರೋವರದ ನಡುಗಡ್ಡೆಯಲ್ಲಿ ಅಜ್ಟೆಕರು ಕಟ್ಟಿದ ರಾಜಧಾನಿಯ ಮೇಲೆ ಸ್ಪೇನಿನವರು ಕೆರೆ ಬತ್ತಿಸಿ ಬೆಳೆಸಿದ್ದು. 1985ರ ಸೆಪ್ಟೆಂಬರ್ 19ರಂದು ಭೂಕಂಪ ಆದದ್ದು 350 ಕಿಲೋಮೀಟರಿಗೂ ದೂರದ ಪೆಸಿಫಿಕ್ ಕರಾವಳಿಯಲ್ಲಿ. ಲಾವಾ ಬಂಡೆಯ ಮೇಲಿರುವ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ದಾಖಲಾದ ನಡುಕದ ಸುಮಾರು ಐದು ಪಟ್ಟು ಕೆರೆಯಂಗಳದಲ್ಲಿ ದಾಖಲಾಯಿತು. ಅಲ್ಲಿನ ಜೇಡಿ ಸುಮಾರು 40 ಮೀಟರ್ ಆಳ, ಅಲೆಯ ವೇಗ 80 ಮೀಟರಿನ ಸುತ್ತಮುತ್ತ. ಲೆಕ್ಕ ಹಾಕಿದರೆ ಎರಡು ಸೆಕೆಂಡು. ಆ ಲಯಕ್ಕೆ ಸಿಕ್ಕವು ಆರರಿಂದ ಹದಿನೈದು ಮಹಡಿಯ ಕಟ್ಟಡಗಳು. ಕಟ್ಟಡ ಬಿರಿದಷ್ಟೂ ಸಡಿಲವಾಗಿ, ಅದರ ಲಯ ನಿಧಾನವಾಗಿ, ನೆಲದ ಲಯಕ್ಕೆ ಇನ್ನಷ್ಟು ಹತ್ತಿರ ಸರಿಯುತ್ತದೆ. ಎಷ್ಟೋ ಗಿಡ್ಡ ಮನೆಗಳು ಪಕ್ಕದಲ್ಲೇ ಉಳಿದುಕೊಂಡವು. 2017ರಲ್ಲಿ, ಅದೇ ಸೆಪ್ಟೆಂಬರ್ 19ರಂದು, ಹತ್ತಿರದಿಂದ ಬಂದ ಚುರುಕು ನಡುಕ ಕೆರೆಯ ಅಂಚಿನ ತೆಳು ಹೂಳಿನ ಮೇಲಿನ ಕಡಿಮೆ ಎತ್ತರದ ಕಟ್ಟಡಗಳನ್ನು ಆರಿಸಿಕೊಂಡಿತು. ನಮ್ಮಲ್ಲೂ 2001ರ ಭುಜ್ ಭೂಕಂಪದಲ್ಲಿ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಸಾಬರಮತಿಯ ಮೆಕ್ಕಲಿನ ಮೇಲೆ ಬಹುಮಹಡಿ ಕಟ್ಟಡಗಳು ಬಿದ್ದು ನೂರಾರು ಜನ ಸತ್ತರು.

ಬೆಂಗಳೂರಿನವರು ಕೆರೆ ಮುಚ್ಚುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಧರ್ಮಾಂಬುಧಿಯ ಅಂಗಳ, ಕಂಠೀರವ ಕ್ರೀಡಾಂಗಣ ಸಂಪಂಗಿಯ ಅಂಗಳ. ಅಡಿಯಲ್ಲಿ ಗಟ್ಟಿ ಬಂಡೆಯಿರುವ ಆ ಊರಿಗೆ ಹಿಮಾಲಯದ ಭಯವಿಲ್ಲ. ಆದರೂ ಭಾರತೀಯ ವಿಜ್ಞಾನ ಸಂಸ್ಥೆಯವರು ಅಲ್ಲಿನ ಮಣ್ಣು ಎಲ್ಲೆಲ್ಲಿ ನಡುಕವನ್ನು ಹಿಗ್ಗಿಸೀತು ಎಂದು ಊರಿನ ನಕ್ಷೆ ಬರೆದಿದ್ದಾರೆ. ಸೈಟು ಕೊಳ್ಳುವಾಗ ವಾಸ್ತು ಕೇಳುವ ನಾವು ಆ ನಕ್ಷೆ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಧರಹರಾ ನೋಡದೆ ಬರುವುದು ಹೇಗೆ? ಭೀಮಸೇನ ಥಾಪಾ ಕಟ್ಟಿಸಿದ ಗೋಪುರ, ನಬ್ಬೆಯಲ್ಲಿ ಮುರಿದು ಮತ್ತೆ ಎದ್ದದ್ದು. 213 ಮೆಟ್ಟಿಲು, 61.88 ಮೀಟರ್. 2015ರಲ್ಲಿ ರಜೆಯ ಜನ ಹತ್ತಿದ್ದಾಗಲೇ ಬುಡದ ಮೋಟು ಮಾತ್ರ ಉಳಿಸಿ ಬಿತ್ತು. ಈಗ ಮೋಟನ್ನು ಹಾಗೇ ಇಟ್ಟು ಪಕ್ಕದಲ್ಲಿ ಹೊಸದನ್ನು ಕಟ್ಟಿದ್ದಾರೆ. ಹೊಸದರ ಎದುರು ಫೋಟೋ ತೆಗೆಸಿಕೊಳ್ಳುವವರ ಗುಂಪು. ನನಗೆ ಮೋಟೇ ಹೆಚ್ಚು ಮಾತಾಡಿತು.

ಭಕ್ತಪುರಕ್ಕೆ ಹೊರಟದ್ದು ಕೊನೆಯ ದಿನ, ಸಿಟಿ ಬಸ್ಸಿನಲ್ಲಿ. ಅರನಿಕೋ ಹೆದ್ದಾರಿಯ ಲೋಕಂಥಲಿಯಲ್ಲಿ ಇಳಿದೆ. ನೆಲ ಉದ್ದಕ್ಕೆ ಬಿರಿದು, ಹೆದ್ದಾರಿ ಕೆಲವೆಡೆ ಒಂದು ಮೀಟರಿಗೂ ಮಿಗಿಲಾಗಿ ಕುಸಿದ ಜಾಗ ಅದು. ರಸ್ತೆ ಈಗ ನುಣುಪಾಗಿದೆ. ಕುಸಿದದ್ದು ಎಲ್ಲಿ ಎಂದು ಗೊತ್ತಾಗದೆ ಅತ್ತಿಂದಿತ್ತ ನಡೆದೆ. ಚಹಾದಂಗಡಿಯ ಮುದುಕನನ್ನು ಕೇಳಿದರೆ, ಸೊಂಟದ ಮಟ್ಟಕ್ಕೆ ಕೈ ಹಿಡಿದು ತೋರಿಸಿ, ‘ಇಷ್ಟು ಇಳಿದಿತ್ತು. ಬಸ್ಸು ಈ ಕಡೆ, ರಸ್ತೆ ಆ ಕಡೆ’ ಎಂದು ನಕ್ಕ. ಭಕ್ತಪುರದಲ್ಲಿ ವತ್ಸಲಾ ದೇವಿಯ ಗುಡಿ ಬಿದ್ದು ಮತ್ತೆ ಎದ್ದಿದೆ. ಐದು ಸೂರುಗಳ, ಸುಮಾರು 30 ಮೀಟರ್ ಎತ್ತರದ ನ್ಯಾತಪೋಲ 1702ರಿಂದ ನಿಂತೇ ಇದೆ. ನಬ್ಬೆಯಲ್ಲಿ ಮೇಲಿನ ಸೂರು ಕೆಟ್ಟಿದ್ದಷ್ಟೆ. ಅಗಲವಾದ ಐದು ಮೆಟ್ಟಿಲ ಜಗತಿ, ಮೇಲೆ ಹೋದಂತೆ ಕಿರಿದಾಗುವ ಸೂರು, ಬಿಗಿದರೂ ಅಲುಗಬಲ್ಲ ಮರದ ಕೀಲು. ಕಟ್ಟಿದವರಿಗೆ ಸೆಕೆಂಡಿನ ಲೆಕ್ಕ ಗೊತ್ತಿರಲಿಲ್ಲ, ಕಾಲ ಕೆಳಗಿನ ಮಣ್ಣಿನ ಪರಿಚಯ ಇದ್ದಿರಬೇಕು.

ಸಂಜೆ ಕಾಲಿಮಾಟಿಗೆ ಮರಳಿ ತಾರಸಿ ಹತ್ತಿದೆ. ನಾಲ್ಕೂ ಮೂಲೆಯಲ್ಲಿ ಕಂಬದ ಕಬ್ಬಿಣದ ಸರಳುಗಳು ಆಕಾಶಕ್ಕೆ ಚಾಚಿಕೊಂಡಿದ್ದವು. ಒಂದು ಸರಳಿನಿಂದ ಇನ್ನೊಂದಕ್ಕೆ ದಿದಿ ಬಟ್ಟೆಯ ಹಗ್ಗ ಕಟ್ಟಿದ್ದರು. ಮಗ ಇನ್ನೊಂದು ಮಹಡಿ ಏರಿಸುತ್ತಾನಂತೆ. ನಕ್ಷೆ ತೋರಿಸಿದ್ದೀರಾ, ಮಣ್ಣು ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದೆ. ‘ಅಷ್ಟು ದೊಡ್ಡದು ಬಂದಾಗಲೇ ಬೀಳಲಿಲ್ಲವಲ್ಲ ಭಾಯಿ, ಗಟ್ಟಿ ಮನೆ’ ಎಂದರು. ಗಟ್ಟಿಯಿಂದ ಉಳಿಯಿತೋ, ಆ ದಿನ ತಾಳ ತಪ್ಪಿದ್ದರಿಂದ ಉಳಿಯಿತೋ; ಹೇಳಲು ಬಾಯಿ ತೆರೆದವನು ನನ್ನ ಹಿಂದಿಯ ಬಡತನ ನೆನಪಾಗಿ ಸುಮ್ಮನಾದೆ. ಭಾಷೆಯ ನೆಪವೂ ಇರಬಹುದು. ಪಕ್ಕದ ಮನೆಗಳ ಮಹಡಿಗಳನ್ನು ಒಂದೊಂದಾಗಿ ನೋಡುತ್ತ ನಿಂತೆ. ನಾಲ್ಕು. ಆರು. ಐದು. ಏಳು.

‘ಏನು ಎಣಿಸುತ್ತಿದ್ದೀ?’

‘ಮಹಡಿ.’

‘ಮುಂದಿನ ಸಲ ಬಂದಾಗ ನಮ್ಮದಕ್ಕೆ ಒಂದು ಸೇರಿಸಿ ಎಣಿಸು’ ಎಂದು ದಿದಿ ಒಣಗಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕೊನೆಯ ಎಳ್ಳುಂಡೆ ಬಿಚ್ಚಿ ನನ್ನ ಕೈಗಿಟ್ಟರು.